ಮಧ್ಯಾಹ್ನ ನಿಂತ ಯಂತ್ರಗಳು

ಬಿಲ್ ನೋಡಿ ಕಾರ್ಟೂನ್ ಸ್ಟುಡಿಯೊದ ಮಾಲಕಿ ಕುರ್ಚಿಯಲ್ಲಿ ಕುಸಿದರು. ಬಾಡಿಗೆ ಕಂಪ್ಯೂಟರುಗಳ ಒಂದು ತಿಂಗಳ ಖರ್ಚು ಇಡೀ ವರ್ಷದ ಲಾಭವನ್ನು ನುಂಗಿತ್ತು. ಆ ತಿಂಗಳು ಅವುಗಳಿಗೆ ಕೆಲಸವನ್ನೇ ಕೊಟ್ಟಿರಲಿಲ್ಲ.

ಸೈಬರ್ ಠಾಣೆಯ ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ದೂರು ಸಿದ್ಧವಾಗಿತ್ತು. ಆರೋಪಿ, ಸ್ಟುಡಿಯೊದವರೆಲ್ಲ ಸೋಡಾಬುಡ್ಡಿ ಎಂದು ಕರೆಯುವ ಎಂಜಿನಿಯರ್.

"ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ನನಗೆ, ಇವನಿಗೆ, ನಮ್ಮ ಸೋದರಮಾವನಿಗೆ. ಹಿಂದಿನ ಕೋಣೇಲಿರೋ ಸ್ವಂತ ಮಷೀನುಗಳನ್ನ ಮಾವ ನೋಡ್ಕೊಳ್ತಾರೆ. ಇನ್ನು ಬಾಡಿಗೆಯವೇ ಸಾಕು ಅಂತ ಮುಂದಿನ ತಿಂಗಳು ಆ ಕೋಣೆ ಮುಚ್ತೀವಿ. ಇವನು ಬೇರೆ ಕಡೆ ಕೆಲಸ ಹುಡುಕ್ತಿದ್ದ, ಸಾರ್."

"ಕೆಲಸ ಹುಡುಕೋದು ಅಪರಾಧಾನಾ?" ಸೋಡಾಬುಡ್ಡಿ ಗಾಬರಿಯಿಂದ ಎದ್ದು ನಿಂತ. "ಪೊಲೀಸ್ ಕೇಸಾದ್ರೆ ನನ್ನನ್ನ ಇನ್ಯಾರು ಸೇರಿಸ್ಕೊಳ್ತಾರೆ?"

"ಈ ಬಾಡಿಗೆ ವ್ಯವಸ್ಥೆ ಹೇಗಪ್ಪ?"

"ಮಷೀನುಗಳು ಎಲ್ಲೋ ದೂರದಲ್ಲಿರ್ತವೆ, ನಾವು ಇಂಟರ್‌ನೆಟ್‌ನಲ್ಲೇ ಓಡಿಸ್ತೀವಿ. ಕರೆಂಟಿನ ಹಾಗೆ ಸಾರ್, ಬಳಸಿದಷ್ಟಕ್ಕೆ ದುಡ್ಡು. ಹೋದ ಚಿತ್ರಕ್ಕೆ ನಮ್ಮ ಮಷೀನುಗಳಾಗಿದ್ರೆ ತಿಂಗಳುಗಟ್ಟಲೆ ಎಳೀತಿದ್ವು. ಇನ್ನೂರು ಮಷೀನು ಬಾಡಿಗೆಗೆ ತಗೊಂಡು ವಾರದಲ್ಲೇ ಮುಗಿಸಿ ಬಿಟ್ವಿ. ಅಷ್ಟನ್ನ ಕೊಳ್ಳೋ ಶಕ್ತಿ ನಮಗೆಲ್ಲಿತ್ತು?" ಆ ಗಾಬರಿಯಲ್ಲೂ ಅವನ ಮುಖ ಅರಳಿತು. "ಆಫ್ ಮಾಡೋದು ಮರೆತ್ರೆ ಮಾತ್ರ ಮೀಟರ್ ಓಡ್ತಾನೇ ಇರುತ್ತೆ. ಯಾರೂ ಬಂದು ಎಚ್ಚರಿಸಲ್ಲ."

ಇನ್ಸ್‌ಪೆಕ್ಟರ್ ಬಳಕೆಯ ಗ್ರಾಫ್ ತೆರೆದರು. ಯಂತ್ರಗಳು ಇಡೀ ತಿಂಗಳು ಖಾಲಿ ಓಡಿದ್ದವು. ದಿನವೂ ಮಧ್ಯಾಹ್ನ ಎಲ್ಲವೂ ನಿಂತು, ಒಂದು ಗಂಟೆಯ ಬಳಿಕ ಮತ್ತೆ ಶುರುವಾಗಿದ್ದವು.

"ನೋಡಿ, ಇದು ಮರೆವಲ್ಲ!" ಎಂದರು ಮಾಲಕಿ. "ಊಟಕ್ಕೆ ಹೋದಾಗ ಯಾರಾದ್ರೂ ಪರದೆ ನೋಡ್ತಾರೆ ಅಂತ ನಿಲ್ಲಿಸಿದಾನೆ."

"ಭಾನುವಾರಾನೂ ನಿಂತಿವೆ. ಆವತ್ತು ನೋಡೋರು ಯಾರು?"

\* \* \*

ಹಿಂದಿನ ಕೋಣೆಯಲ್ಲಿ ಹಳೆಯ ಏಸಿ ಗೊರಗುಟ್ಟುತ್ತಿತ್ತು. ಮಾವ ಯಂತ್ರಗಳನ್ನು ಒಂದೊಂದಾಗಿ ಆಫ್ ಮಾಡಿ, ಅವುಗಳ ಮೈಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು.

"ಕೆಟ್ಟಿವೆಯಾ?" ಇನ್ಸ್‌ಪೆಕ್ಟರ್ ಒಳಗೆ ಬಂದು ಕೇಳಿದರು.

"ಬಿಡ್ತು ಅನ್ನಿ! ಮಧ್ಯಾಹ್ನದ ಬಿಸಿಲಿಗೆ ಈ ಏಸಿ ಸಾಲಲ್ಲ. ಒಂದು ಗಂಟೆ ಉಸಿರಾಡ್ಲಿ. ಇಷ್ಟು ವರ್ಷಕ್ಕೆ ಒಂದೂ ಸುಟ್ಟಿಲ್ಲ."

"ಬಾಡಿಗೆಯವೂ ಉಸಿರಾಡ್ಲಿ ಅಂತ ಬಿಟ್ರಾ, ಯಜಮಾನ್ರೇ?"

ಅಂಗೈ ಯಂತ್ರದ ಮೇಲೆಯೇ ನಿಂತಿತು.

\* \* \*

"ಕಳ್ಳನಾಗಿದ್ರೆ ಮಷೀನುಗಳಿಂದ ಏನಾದ್ರೂ ದುಡಿಸ್ಕೊಳ್ತಿದ್ದ," ಇನ್ಸ್‌ಪೆಕ್ಟರ್ ಮೂವರನ್ನೂ ಕೂರಿಸಿ ಹೇಳಿದರು. "ಇಲ್ಲಿ ಖಾಲಿ ಓಡಿಸಿದಾರೆ. ಅಂದ್ರೆ ಬೇಕಾಗಿದ್ದು ಬಿಲ್ ಮಾತ್ರ. ಬಾಡಿಗೆ ದುಬಾರಿ ಅನ್ನಿಸಿದ್ರೆ ಮಾವನ ಕೋಣೆ ಉಳಿಯುತ್ತೆ. ದೂರದಲ್ಲಿರೋ ಆ ಮಷೀನುಗಳಿಗೆ ಮಧ್ಯಾಹ್ನದ ಬಿಡುವು ಬೇಕಿಲ್ಲ ಅಂತ ಸೋಡಾಬುಡ್ಡಿಗೆ ಗೊತ್ತು. ಮಾವನಿಗೆ ಮನಸ್ಸು ತಡೀಲಿಲ್ಲ."

ಮಾವ ತಲೆ ತಗ್ಗಿಸಿದರು. "ಇವಳು ಬಾಡಿಗೆ ಬೇಡ ಅಂತಾಳೆ, ಅಷ್ಟೇ ಅಂದ್ಕೊಂಡಿದ್ದೆ. ನಿನ್ನ ತಲೆಗೆ ಬರುತ್ತೆ ಅಂತ ಗೊತ್ತಿರಲಿಲ್ಲ ಕಣಪ್ಪ. ತಪ್ಪಾಯ್ತು."

ಮಾಲಕಿ ದೂರನ್ನು ಹರಿದರು. "ಕೋಣೆ ಮುಚ್ಚೋದು ಖಂಡಿತ, ಮಾವ. ನಷ್ಟ ನಿಮ್ಮ ಸಂಬಳದಲ್ಲೇ ತೀರ್ಬೇಕು. ಆದ್ರೆ ಹೊತ್ತಿಗೆ ಸರಿಯಾಗಿ ಮಷೀನು ಆಫ್ ಮಾಡೋ ಅಭ್ಯಾಸ ಇಲ್ಲಿರೋದು ನಿಮಗೊಬ್ಬರಿಗೇ. ಬಾಡಿಗೆ ಮಷೀನುಗಳ ಕಾವಲು ಇವತ್ತಿಂದ ನಿಮ್ದು."

ಸೋಡಾಬುಡ್ಡಿ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ.

"ಆನ್ ಮಾಡೋದು ನಾನು. ನಿಮಗೆ ಆಫ್ ಮಾಡೋ ಅಧಿಕಾರ ಮಾತ್ರ ಕೊಡ್ತೀನಿ, ಮಾವ."