ನಡಕೊಂಡು ಹೋದ ಹೆಬ್ಬಾತು

ಕೊಡ್ಲಿ ನನ್ನ ಕುತ್ತಿಗಿ ಮ್ಯಾಲಿತ್ತು.

ಮೊಣಕಾಲ ಮಟ ಕಾಲುವಿ ನೀರು. ಹಿಂದ ಎರಡು ನಾಯಿ. ಮುಂದ ಕುರಿ ಕಾಯೋ ಬೀರಣ್ಣ. ನನ್ನ ಬೈಕು ದಂಡಿ ಮ್ಯಾಲ ಅಡ್ಡ ಬಿದ್ದು ಇನ್ನೂ ಗಾಲಿ ತಿರುಗಾಕತ್ತಿತ್ತು.

"ಹಿಂದಕ್ಕ ಸರಿ ಮಲ್ಕಪ್ಪ," ಅಂದ.

"ಬಗಲಾಗಿನ ಕಂಬಳಿ ಬಿಚ್ಚು. ಅದರಾಗ ಏನದ ನನಗ ಗೊತ್ತದ."

"ಇದರ ಒಡೆಯ ಬರ್ಲಿ, ಬಿಚ್ತೀನಿ. ನಿನಗ ಬಿಚ್ಚಂಗಿಲ್ಲ."

ನಾ ನಕ್ಕೆ. ಕೊಡ್ಲಿ ಚರ್ಮಕ್ಕ ತಾಗ್ಯದ, ನಾ ನಗಾಕತ್ತೀನಿ... ಯಾಕಂದ್ರ ಅಂವನ ಹಿಂದ, ದೂರದಾಗ, ಫಾರೆಸ್ಟ್ ಜೀಪಿನ ಧೂಳು ಎದ್ದಿತ್ತು. ಕರಸಿದಾಂವ ನಾನ. ಇನ್ನ ಹತ್ತು ಮಿನಿಟಿಗೆ ಬೀರಣ್ಣ ಜೀಪಿನಾಗ. ಆಮ್ಯಾಲ ಮೂರು ವರ್ಷ ಜೈಲಿನಾಗ. ಹಂಗಂತ ನಾ ಲೆಕ್ಕ ಹಾಕಿದ್ದೆ.

ಅವಸರ ಮಾಡಬ್ಯಾಡ್ರಿ ಸಾಹೇಬ್ರ. ನಿಮ್ಮ ಕೆಲಸ ನಾ ಮರ್ತಿಲ್ಲ. ಹೆಂಡತಿ ಸ್ಕೂಟಿಗೆ ಕದ್ದು ಜಿಪಿಎಸ್ ಡಬ್ಬಿ ಹಚ್ಚಬೇಕು, ಅಷ್ಟ ಅಲ್ಲ? ಇಂಥಾ ಕೆಲಸಕ್ಕ ಸುರಪುರದಾಗ ಎಲ್ಲಾರೂ ನನ್ನ ಹತ್ರನ ಬರ್ತಾರ. ಚಾ ಕುಡೀರಿ. ಮೊದಲ ಇದು ಕೇಳ್ರಿ.

ಹೋದ ಜನವರಿ. ನಜೀಮಾ ಮೇಡಂ ಅಂತ ಒಬ್ರು ನೀವು ಕುಂತ ಕುರ್ಚಿ ಮ್ಯಾಲ ಬಂದು ಕುಂತ್ರು. ಬೋನಾಳ ಕೆರಿಯಾಗ ಹಕ್ಕಿ ಲೆಕ್ಕ ಮಾಡೋರು.

"ನನ್ನ ಹೆಬ್ಬಾತು ಕಳೆದಿದೆ, ಮಲ್ಕಪ್ಪ ಅವರೇ."

"ಕದ್ದ ಪಂಪ್‌ಸೆಟ್ ಹುಡುಕಾಂವ ನಾ. ಬಾತು ಹುಡುಕಂಗಿಲ್ರಿ."

ಫೋಟೋ ತೋರಿಸಿದ್ರು. ತಲಿ ಮ್ಯಾಲ ಎರಡು ಕರಿ ಪಟ್ಟಿ. ಹಿಮಾಲಯ ದಾಟಿ ಬರೋ ಹಕ್ಕಿಯಂತ. ಬೆನ್ನ ಮ್ಯಾಲ ಕಡ್ಡಿಪೆಟಗಿಯಷ್ಟು ಡಬ್ಬಿ. ಆ ಡಬ್ಬಿ ಆಕಾಶದಾಗಿನ ಉಪಗ್ರಹದ ಜೋಡಿ ಮಾತಾಡ್ತದ, ತಾಸಿಗೊಮ್ಮೆ ಮೇಡಂ ಫೋನಿನ ನಕಾಶಿ ಮ್ಯಾಲ ಒಂದು ಚುಕ್ಕಿ ಬೀಳ್ತದ. ಶಾಲಿ ಬಸ್ಸು ಎಲ್ಲಿ ಬಂತಂತ ತಾಯಂದಿರು ಮನಿಯಾಗ ಕುಂತು ನೋಡ್ತಾರಲ್ಲ, ಹಂಗ. ಕಾಲುವಿ ಕೆಳಗ ಯಾರು ಭತ್ತ ಹಚ್ಯಾರ, ಯಾರು ಹತ್ತಿ ಹಚ್ಯಾರ ಅಂತಾನೂ ಈಗ ಮ್ಯಾಲಿಂದನ ನೋಡ್ತಾರಂತ.

"ಚುಕ್ಕಿ ನಿಂತದೇನ್ರಿ?"

"ಇಲ್ಲ. ನಡೀತಾ ಇದೆ."

"ಹಾರಾಕತ್ತದ ಅನ್ರಿ."

"ನಡೀತಾ ಇದೆ. ಗಂಟೆಗೆ ಎರಡು ಕಿಲೋಮೀಟರ್. ಮಧ್ಯಾಹ್ನ ನಿಲ್ಲುತ್ತೆ. ಇವತ್ತು ಒಂದು ಹೊಲದಲ್ಲಿ ಮಲಗಿದರೆ ನಾಳೆ ಇನ್ನೊಂದರಲ್ಲಿ."

ನನಗ ಆಗಿಂದಾಗ ತಿಳೀತು. ಕುರುಬರ ಮನಿಯಾಗ ಹುಟ್ಟಿದಾಂವ ನಾ. ಗೊಬ್ಬರಕ್ಕಂತ ರೈತರು ಹೊಲದಾಗ ಕುರಿ ಕೂಡಿಸ್ತಾರ. ದಿನಕ್ಕೊಂದು ಹೊಲ. ಹಕ್ಕಿ ಯಾವುದೋ ಹಿಂಡಿನ ಜೋಡಿ ಹೊಂಟಿತ್ತು.

ಚುಕ್ಕಿ ಮಲಗಿದ್ದ ಹೊಲ ಹುಣಸಗಿ ಅಮೀನುದ್ದೀನಂದು. ಫೋನ್ ಹಚ್ಚಿದೆ.

"ನಿನ್ನಿ ಯಾರ ಹಿಂಡು ಕೂಡಿಸಿದ್ಯೋ?"

"ಬೀರಣ್ಣಂದು. ಗಂಡ ಹೆಂಡತಿ ಇಬ್ರೂ ಬಂದಿದ್ರು."

ಫೋನ್ ಇಟ್ಟೆ. ಚಾ ಕಹಿ ಆತು.

ಆ ಹೆಂಡತಿ ಶೇಖಮ್ಮ. ನನ್ನ ಸೋದರಮಾವನ ಮಗಳು. ಆಕಿ ನನಗಂತ ಸಣ್ಣಂದಿನಿಂದ ಎಲ್ಲಾರೂ ಮಾತಾಡಿದ್ರು. ನಾ ಕುರಿ ಬಿಟ್ಟು ಪ್ಯಾಟಿ ಹಿಡದೆ. ಮಾವ ಅಂದ, "ಕುರಿ ಬಿಟ್ಟಾಂವ ನಾಳೆ ಹೆಂಡತೀನೂ ಬಿಡ್ತಾನ." ಬೀರಣ್ಣಗ ಕೊಟ್ಟ. ಹನ್ನೊಂದು ವರ್ಷ ಆತು. ಅಂವ ಕಂಬಳಿ ಹೊತಗೊಂಡು ಸಂತಿಗೆ ಬಂದ್ರ ಇವತ್ತಿಗೂ ನಾ ಬ್ಯಾರೆ ಓಣಿ ಹಿಡೀತೀನಿ.

ಮೇಡಂ ಚುಕ್ಕಿಯ ಲಿಂಕ್ ನನ್ನ ಫೋನಿಗೆ ಹಾಕಿದ್ರು. ಅವತ್ತ ಹೋಗಿ ಹಿಡೀಬಹುದಿತ್ತು. ಹೋಗಲಿಲ್ಲ. ಎರಡು ದಿನ ಬರೇ ಚುಕ್ಕಿ ನೋಡಿದೆ. ಈಗ ಆಕಿ ಕಾಲುವಿ ದಂಡಿಗೆ ಕುಂತಾಳ. ಈಗ ಎದ್ದಾಳ. ಈಗ ಅಂವನ ಜೋಡಿ ರೊಟ್ಟಿ ತಿನ್ನಾಕತ್ತಾಳ... ಹನ್ನೊಂದು ವರ್ಷದಾಗ ಮೊದಲ ಸಲ ಆಕಿ ಎಲ್ಲಿ ಅದಾಳಂತ ನನಗ ಗೊತ್ತಿತ್ತು. ನಾಚಿಕಿ ಬಿಟ್ಟು ಹೇಳಾಕತ್ತೀನಿ, ಉಣ್ಣೂದೂ ಮರ್ತಿದ್ದೆ.

ಮೂರನೇ ದಿನ ಫಾರೆಸ್ಟ್ ಗಾರ್ಡ್ ತಿಮ್ಮಣ್ಣನ ಮುಂದ ಹೋಗಿ ನಿಂತೆ.

"ಭಾನುವಾರ ಬೋನಾಳ ಕೆರಿ ದಂಡಿಗೆ ಬೀರಣ್ಣ ಕಲ್ಲಿಲೆ ಹೆಬ್ಬಾತು ಹೊಡದಾನ. ನನ್ನ ಕಣ್ಣಿಲೆ ನೋಡೀನಿ."

"ಬರದು ಕೊಡ್ತಿಯೇನು?"

ಬರದು ಕೊಟ್ಟೆ. ಸಹಿ ಹಾಕಿದೆ. ಹಂಗ ಬೈಕ್ ತಗೊಂಡು ಹೊಂಟೆ. ಬೀರಣ್ಣ ಜೀಪು ಹತ್ತೂದು ನನಗ ಹತ್ರದಿಂದ ನೋಡಬೇಕಿತ್ತು.

ಹುಣಸಗಿ ದಾಟಿ ಕಾಲುವಿ ದಂಡಿ ಹಿಡದೆ. ಮುಂಜಾನಿ ಹತ್ತರ ಬಿಸಲು. ಹಿಂಡು ಕಂಡಿತು. ನನ್ನ ನೋಡಿದ್ದ ತಡ, ಬೀರಣ್ಣ ಕುರಿಮರಿ ಹೊರೋ ಬುಟ್ಟಿಯಾಗಿಂದ ಏನೋ ಎತ್ತಿ, ಕಂಬಳ್ಯಾಗ ಸುತ್ತಿ ಓಟ ಕಿತ್ತ. ನಾ ಅಂವನ ಹಿಂದ ಬೈಕ್ ಬಿಟ್ಟೆ. ಕುರಿ ನಡುವ ಬಂದ್ವು, ನಾಯಿ ಗಾಲಿಗೆ ಬಿದ್ವು. ನಾ ಹಾರಿ ಕಾಲುವಿಯಾಗ ಬಿದ್ದೆ. ಏಳೂದ್ರಾಗ ಕೊಡ್ಲಿ ಕುತ್ತಿಗಿ ಮ್ಯಾಲ.

ಜೀಪು ಬಂತು. ತಿಮ್ಮಣ್ಣ ಇಳದ. ಹಿಂದ ನಜೀಮಾ ಮೇಡಂ. ಅವರು ಬರ್ತಾರಂತ ನಾ ಅಂದುಕೊಂಡಿರ್ಲಿಲ್ಲ.

"ಕೊಡ್ಲಿ ಇಳಸೋ."

ಬೀರಣ್ಣ ಇಳಿಸಿದ. ಶೇಖಮ್ಮ ಓಡಿ ಬಂದು ಅಂವನ ಮಗ್ಗಲಿಗೆ ನಿಂತಳು. ನನ್ನ ಕಡಿ ಒಮ್ಮೆನೂ ನೋಡಲಿಲ್ಲ.

"ನನ್ನ ಹಕ್ಕಿ ಅದು," ಅಂದ್ರು ಮೇಡಂ.

"ನಿಮ್ದೇನ್ರಿ ಅಕ್ಕಾರ? ಬರ್ರಿ, ತಗೋರಿ." ಬೀರಣ್ಣ ಕಂಬಳಿ ಬಿಚ್ಚಿದ.

ಹೆಬ್ಬಾತು ಜೀವಂತ ಇತ್ತು. ರೆಕ್ಕಿಗೆ ಅರಿಶಿಣ ಹಚ್ಚಿ ಸೀರಿ ಚೂರು ಕಟ್ಟಿದ್ರು. ಡಬ್ಬಿ ಬೆನ್ನ ಮ್ಯಾಲ ಇದ್ದಂಗ ಇತ್ತು.

"ಭತ್ತದ ಗದ್ದ್ಯಾಗ ಹಂದಿಗಂತ ಹಾಕಿದ ಬಲ್ಯಾಗ ಸಿಕ್ಕಿತ್ರಿ," ಅಂದಳು ಶೇಖಮ್ಮ. "ಮರಿ ಬುಟ್ಟಿಯಾಗ ಇಟ್ಟು ಭತ್ತ ತಿನಿಸೀವಿ. ಬ್ಯಾರೆದವರ ಕುರಿ ನಮ್ಮ ಹಿಂಡಿನಾಗ ಬಂದ್ರ ಅದರ ಗುರ್ತು ಬಿಚ್ಚಂಗಿಲ್ರಿ ನಾವು. ಒಡೆಯ ಹುಡಿಕ್ಕೊಂಡು ಬರ್ತಾನ. ಅದಕ್ಕ ಡಬ್ಬಿ ಮುಟ್ಟಿಲ್ಲ. ಇದಕ್ಕ ನೋವಾಗ್ತದಂತ ಈ ಮನಷ್ಯಾ ಹಿಂಡೂ ಮೆಲ್ಲಕ ಹೊಡದಾನ."

ತಿಮ್ಮಣ್ಣ ಕಿಸೆದಾಗಿಂದ ಕಾಗದ ತಗದ.

"ಅದೆಲ್ಲಾ ಆಮ್ಯಾಲ. ಭಾನುವಾರ ಕೆರಿ ದಂಡಿಗೆ ನೀ ಕಲ್ಲು ಹೊಡದಿ ಅಂತ ಸಾಕ್ಷಿ ಅದ. ನಡಿ ಜೀಪಿಗೆ."

"ನಾ ಕೆರಿಗೇ ಹೋಗಿಲ್ರಿ ಸಾಹೇಬ್ರ."

ಬೀರಣ್ಣನ ಮುಖ ಬೂದಿ ಆತು. ನನಗ ಏನನಸ್ತು ಕೇಳ್ತೀರೇನು? ಖುಷಿ ಆತು. ಖರೇ ಹೇಳ್ತೀನಿ.

"ಒಂದು ನಿಮಿಷ," ಅಂದ್ರು ಮೇಡಂ. ಫೋನ್ ತಗದ್ರು. ನನ್ನ ಫೋನಿನಾಗ ಇವತ್ತಿನ ಚುಕ್ಕಿ ಅಷ್ಟ ಇತ್ತು. ಹಿಂದಿನ ದಾರಿ ಎಲ್ಲಾ ಅವರ ಹತ್ರ ಇತ್ತು. ಹೊಟ್ಟಿಕಿಚ್ಚಿನಾಗ ನನಗ ಅದು ಹೊಳದಿರ್ಲೇ ಇಲ್ಲ.

"ಶನಿವಾರ ಬೆಳಿಗ್ಗೆ ಹಕ್ಕಿ ಕೆರೆ ಬಿಟ್ಟಿದೆ. ಆರು ಕಿಲೋಮೀಟರ್ ಆಚೆ ಭತ್ತದ ಗದ್ದೆಯಲ್ಲಿ ಇಪ್ಪತ್ತಾರು ಗಂಟೆ ಒಂದೇ ಕಡೆ ಬಿದ್ದಿತ್ತು. ಭಾನುವಾರ ಮಧ್ಯಾಹ್ನ ಅಲ್ಲಿಂದ ನಡೆಯೋಕೆ ಶುರು. ಕುರಿಗಳ ಜೊತೆ." ನನ್ನ ಕಡಿ ತಿರುಗಿದ್ರು. "ಭಾನುವಾರ ಈ ಹಕ್ಕಿ ಕೆರೆಯಲ್ಲಿ ಇರಲೇ ಇಲ್ಲ, ಮಲ್ಕಪ್ಪ ಅವರೇ. ನೀವು ನೋಡಿದ್ದೇನು?"

ತಿಮ್ಮಣ್ಣ ಕಾಗದದಾಗಿನ ನನ್ನ ಸಹಿ ಮ್ಯಾಲ ಬೆರಳಿಟ್ಟ.

ಶೇಖಮ್ಮ ಈಗ ನನ್ನ ಕಡಿ ನೋಡಿದಳು. ಹನ್ನೊಂದು ವರ್ಷದಿಂದ ಆ ನೋಟಕ್ಕ ಕಾದಿದ್ದೆ.

"ಬರದು ಕೊಟ್ಟಾಂವ ನೀನಾ?"

ಆಕಿ ಕೈಯಾಗ ಕುರಿ ಹೊಡಿಯೋ ಬಡಗಿ ಕೋಲಿತ್ತು. ಎತ್ತಿದ್ದು ಕಾಣಲಿಲ್ಲ. ಎರಡು ಹಲ್ಲು ಕಾಲುವಿ ನೀರಿನಾಗ ಬಿದ್ದದ್ದು ಅಷ್ಟ ಕಂಡಿತು.

ಬೀರಣ್ಣ ಚೊಂಬಿನಾಗ ನೀರು ತಂದು ಕೊಟ್ಟ. "ಬಾಯಿ ತೊಳಕೊ ಮಲ್ಕಪ್ಪ," ಅಂದ. ಅಂವ ಎರಡೇಟು ಹೊಡದಿದ್ರ ನಾ ಸುಮ್ನಾಗ್ತಿದ್ದೆ. ನೀರು ಕೊಟ್ಟ ನೋಡ್ರಿ, ಅದಕ್ಕ ಇನ್ನೂ ಉರೀತದ.

ತಿಮ್ಮಣ್ಣ ಅಂವನ ಬದಲಿ ನನ್ನ ಜೀಪು ಹತ್ತಿಸಿದ. ಸುಳ್ಳು ಸಾಕ್ಷಿ ಕೇಸು ಇನ್ನೂ ನಡದದ. ಮಾರ್ಚ್‌ದಾಗ ಹೆಬ್ಬಾತು ಹಾರಿತು. ನನ್ನ ಫೋನಿನಾಗ ಆ ಲಿಂಕ್ ಹಂಗ ಅದ, ಮೇಡಂ ತಗಸೂದು ಮರ್ತಾರ. ಚುಕ್ಕಿ ಈಗ ಟಿಬೆಟ್‌ನಾಗ. ಆಕಿ ಶಹಾಪುರ ಕಡಿ ಅದಾಳೋ ಸೈದಾಪುರ ಕಡಿ ಅದಾಳೋ... ಮಾಲೂಮಿಲ್ಲ.

ನಿಮ್ಮ ಚಾ ಆರಿಹೋತು. ಡಬ್ಬಿ ಇಲ್ಲೇ ಡ್ರಾದಾಗ ಅದ. ಸ್ಕೂಟಿ ತರ್ರಿ, ಐದು ಮಿನಿಟಿನಾಗ ಹಚ್ತೀನಿ.

ಅದಕ್ಕ ಮೊದಲ ಒಮ್ಮೆ ಬಾಯಿ ತೆರೀರಿ ಸಾಹೇಬ್ರ... ಹಲ್ಲು ಗಟ್ಟಿ ಅದಾವೇನು ನೋಡೂಣು.