ಕ್ಯಾಸಂಬಳ್ಳಿಯ ಮೂವತ್ತೇಳು ಡಿಗ್ರಿ

ರಾಬರ್ಟ್‌ಸನ್‌ಪೇಟೆಯ ನಮ್ಮ ಆಫೀಸಿಗೆ ಊರೂರಿನ ಹಾಲಿನ ಟ್ಯಾಂಕುಗಳ ಲಾಗ್, ಅಂದರೆ ಯಂತ್ರದ ದಾಖಲೆ, ಬರುತ್ತದೆ. ತಾಪಮಾನಕ್ಕೆ ಒಂದೊಂದು ಯಂತ್ರ ಒಂದೊಂದು ಹೆಸರು ಕೊಡುತ್ತದೆ. ಅವೆಲ್ಲ ಒಂದೇ ಹೆಸರಿನಡಿ ಕಾಣುವಂತೆ ಎಪಿಐ ಎಂಬ ಸಾಫ್ಟ್‌ವೇರ್ ಕೊಂಡಿಯ ಮೂಲಕ ಅಲಿಯಾಸ್, ಅಂದರೆ ಬದಲಿ ಹೆಸರು, ಕೊಡುವುದು ನನ್ನ ಕೆಲಸ. ಮಾಡಿ ಮಾಡಿ ಕಣ್ಣುರಿ ಬಂದಿತ್ತು. ಕೊನೆಯದಾಗಿ ಕ್ಯಾಸಂಬಳ್ಳಿಯದನ್ನು ಸೇರಿಸಿದೆ. ಉಳಿದವೆಲ್ಲ ನಾಲ್ಕು ಡಿಗ್ರಿ, ಅದೊಂದು ಮೂವತ್ತೇಳು.

ಅಲ್ಲಿನ ಡೇರಿಯ ಕದಿರಪ್ಪನಿಗೆ ಫೋನ್ ಮಾಡಿದೆ. “ಹಾಲು ಕೆಡ್ತಿದೆ ಕದಿರಪ್ಪಣ್ಣ, ಟ್ಯಾಂಕ್ ನೋಡಿ.”

“ಟ್ಯಾಂಕ್ ಓದ್ ತಿಂಗ್ಳೇ ಎತ್ಕೊಂಡೋದ್ರಲ್ಲ ಸಾರ್. ವೈರ್ ಕತ್ತರಿಸಿದ ಸೆನ್ಸರ್ ಒಂದು ಇಲ್ಲಿ ಬಿದ್ದೈತೆ.”

“ಮುಟ್ಟಿ ನೋಡಿ.”

“ಬೆಚ್ಚಗೈತೆ. ಮಗೀನ ಕೈ ಇದ್ದಂಗೆ.”

ನನಗೆ ಸಾಕಾಗಿತ್ತು. ಅಲಿಯಾಸ್ ಅಳಿಸಿದೆ, ಪರದೆಯಿಂದ ಅಂಕಿ ಹೋಯಿತು.

“ಈಗ?”

ಅವನು ಮೆಲ್ಲಗೆ ಹೇಳಿದ, “ಈಗ್ಲೂ ಬೆಚ್ಚಗೇ ಐತೆ ಸಾರ್. ನನ್ ಬೆರಳು ಇಡ್ಕೊಂಡೈತೆ, ಬಿಡ್ತಿಲ್ಲ.”