ನೂರು ಗ್ರಾಂ ಕೋಳಿ ಹೃದಯ

ಕೋಳಿ ಲಿವರ್ ಕಿಲೋಗೆ ಎಂಟುನೂರು ಯೆನ್. ಹೃದಯಕ್ಕೆ ಸಾವಿರ. ಮಟನ್ ಎರಡು ಸಾವಿರದ ಮೇಲೆ. ಟೋಕಿಯೋದ ನಿಶಿ ಕಸಾಯಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿರುವ ನನ್ನ ಅಂಗಡಿಯಲ್ಲಿ ಕತ್ತರಿಸುವುದಕ್ಕೂ ತೊಳೆಯುವುದಕ್ಕೂ ಬೇರೆ ಚಾರ್ಜ್ ಇಲ್ಲ. ನೂರು ಗ್ರಾಂ ಕೇಳಿದರೆ ಕವರಿನ ಖರ್ಚೂ ಹುಟ್ಟುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಹಂಸಾ ಕೇಳಿದಳು, ವಾರ ವಾರವೂ, ಲಿವರ್.

ಮೂಗಿಗೆ ಮಾಸ್ಕ್, ಅದರ ಮೇಲೆ ದುಪಟ್ಟಾ. ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣು ನನ್ನನ್ನೂ ನೋಡದೆ, ನನ್ನ ಮಚ್ಚನ್ನೂ ನೋಡದೆ, ಶೆಲ್ಫಿನ ರವೆ ಪ್ಯಾಕೆಟ್ಟುಗಳನ್ನೇ ನೋಡುತ್ತಿತ್ತು. ನಾನು ಮಚ್ಚೆತ್ತಿ ಮೂಳೆಯ ಮೇಲೆ ಹೊಡೆದಾಗಲೆಲ್ಲ ರೆಪ್ಪೆ ಬಡಿಯುತ್ತಿತ್ತು. ಆ ರೆಪ್ಪೆ ನೋಡಲೆಂದೇ ನಾನು ಬೇಕಿಲ್ಲದ ಕಡೆಯೂ ಒಂದೆರಡು ಏಟು ಹಾಕಿದ್ದುಂಟು.

ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ, ಮೊಟ್ಟೆಯನ್ನೂ ಮುಟ್ಟದ ಮನೆಯವಳು. ಇಷ್ಟು ಅವಳ ಮಾತಿನಲ್ಲಿ ತಿಳಿದಿತ್ತು. ಹಾಗಿದ್ದರೆ ಈ ಲಿವರ್ ಯಾರಿಗೆ ಎಂದು ಕೇಳಿದರೆ ದುಡ್ಡು ಎಣಿಸಿಟ್ಟು ಹೊರಟುಬಿಡುತ್ತಿದ್ದಳು. ಒಂದು ವಾರ ಬೆರಳಿಗೆ ಬ್ಯಾಂಡೇಜು. ಮುಂದಿನ ವಾರ ಮಣಿಕಟ್ಟಿನ ಮೇಲೆ ಕೆಂಪು ಗೀರುಗಳು. ಆಮೇಲೆ ಕತ್ತಿನ ಹತ್ತಿರ, ದುಪಟ್ಟಾ ಜಾರಿದಾಗ, ಒಂದು ಕಪ್ಪು ಗಾಯ.

ಯಶವಂತಪುರದ ಮಾರ್ಕೆಟ್ಟಿನಲ್ಲಿ ಬೆಳೆದವನು ನಾನು. ಹೊಡೆಸಿಕೊಂಡ ಹೆಂಗಸು ಹೇಗೆ ನಿಲ್ಲುತ್ತಾಳೆ ಎಂದು ಗೊತ್ತು. ಮನೆಯಲ್ಲಿ ಮಾಂಸ ಬೇಕೆನ್ನುವ ಗಂಡನೊಬ್ಬ ಇದ್ದಾನೆ, ತಂದದ್ದು ಸರಿಯಿಲ್ಲವೆಂದು ಕೈ ಮಾಡುತ್ತಾನೆ ಎಂದು ಲೆಕ್ಕ ಹಾಕಿದೆ. ಅವತ್ತಿನಿಂದ ಕುರಿಯ ತೊಡೆ ಕಡಿಯುವಾಗಲೆಲ್ಲ ಆ ಗಂಡನ ತೋಳೇ ಕಾಣುತ್ತಿತ್ತು. ನನ್ನಿಂದ ಆಗುವ ಉಪಕಾರವೆಂದು ಅವಳ ಪಾಲಿನ ಮಾಂಸವನ್ನು ಉಪ್ಪು, ಅರಿಶಿನ ಹಾಕಿ ಎರಡೆರಡು ಸಲ ತಿಕ್ಕಿ ತೊಳೆದೆ. ರಕ್ತದ ಒಂದು ಎಳೆಯೂ ಇರಬಾರದು, ಅವನಿಗೆ ಬೈಯಲು ನೆಪ ಸಿಗಬಾರದು.

ಒಂದು ಭಾನುವಾರ ಮಧ್ಯಾಹ್ನ ಅವಳು ಅಕ್ಕಿ ಮೂಟೆಗೆ ಫೋನಿನ ಲೈನ್ ಆ್ಯಪ್‌ನಲ್ಲಿ ಆರ್ಡರ್ ಹಾಕಿದಳು, ಜೊತೆಗೆ ಮಾಮೂಲಿ ನೂರು ಗ್ರಾಂ. ಡೆಲಿವರಿಗೆ ನಾನೇ ಸೈಕಲ್ ಹತ್ತಿದೆ.

ಮೂರನೇ ಮಹಡಿ ತಲುಪುವಷ್ಟರಲ್ಲಿ ಒಳಗೆ ಪಾತ್ರೆ ಬಿದ್ದು ಒಡೆದ ಸದ್ದು. ಹಿಂದೆಯೇ ಅವಳ ಅಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮೂಟೆಯನ್ನು ಅಲ್ಲೇ ಎಸೆದು, ಶೂ ಕೂಡ ಬಿಚ್ಚದೆ ನುಗ್ಗಿದೆ. ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು. ಅಂಗೈಯಿಂದ ರಕ್ತ ಮೊಣಕೈವರೆಗೆ ಇಳಿದಿತ್ತು.

"ಎಲ್ಲಿ ಅವನು?" ಎಂದೆ.

ಅವಳು ಬೆಚ್ಚಿ ಸೋಫಾದ ಕಡೆ ಕೈ ತೋರಿಸಿದಳು. ಸೋಫಾ ಎತ್ತಿ ಮಗುಚಿದೆ. ಅದರಡಿಯಿಂದ ಮುಂಗುಸಿಮರಿಯಂಥ ಒಂದು ಪ್ರಾಣಿ, ಬಿಳಿ ಮೂತಿ, ಹಗ್ಗದಂಥ ಮೈ, ಚಿಮ್ಮಿ ಬಂದು ನನ್ನ ಎಡಗೈ ಹೆಬ್ಬೆರಳಿಗೆ ಹಲ್ಲು ಹಾಕಿತು. ಕೈ ಎತ್ತಿದೆ, ಅದೂ ಎದ್ದು ಬಂದು ನೇತಾಡಿತು. ಕೊಡವಿದೆ, ಹಲ್ಲು ಉಗುರಿನ ಬುಡಕ್ಕಿಳಿಯಿತು. ಇಪ್ಪತ್ತು ವರ್ಷ ಕತ್ತಿ ಹಿಡಿದವನು ನಾನು. ಆದರೂ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿಕೊಂಡೆ.

"ಕಿರುಚಬೇಡಿ," ಎಂದು ಹಂಸಾ ನನ್ನ ಬಾಯಿ ಮುಚ್ಚಿದಳು. "ಇಲ್ಲಿ ಪೆಟ್ ಸಾಕೋ ಹಾಗಿಲ್ಲ."

ಅವಳ ಅಂಗೈಯ ರಕ್ತ ನನ್ನ ತುಟಿಗೆ ಹತ್ತಿತು. ಅಷ್ಟು ಹತ್ತಿರದಿಂದ ಆ ಕಣ್ಣುಗಳನ್ನು ನೋಡಿದ್ದು ಅದೇ ಮೊದಲು. ನೋವು ಒಂದು ಕ್ಷಣ ಎಲ್ಲಿ ಹೋಯಿತೋ.

ನನ್ನ ಬೆರಳಿನ ರಕ್ತ ತೊಟ್ಟಿಕ್ಕುತ್ತಿತ್ತು. ಕೆಳಗೆ ತಟ್ಟೆಯಲ್ಲಿ ಹಿಂದಿನ ಸಲ ನಾನೇ ತೊಳೆದು ಕೊಟ್ಟಿದ್ದ ಲಿವರ್ ತುಂಡುಗಳಿದ್ದವು. ಒಂದು ತುಂಡಿನ ಮೇಲೆ ಹನಿ ಬಿತ್ತು. ಪ್ರಾಣಿ ನನ್ನ ಬೆರಳು ಬಿಟ್ಟು ಕೆಳಗೆ ಧುಮುಕಿತು. ಮೂಸಿತು. ನೆಕ್ಕಿತು. ಆ ಒಂದು ತುಂಡನ್ನು ನುಂಗಿ, ಮಿಕ್ಕವನ್ನು ಕಾಲಿನಿಂದ ದೂಡಿತು.

ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆಮೇಲೆ ವಿಷಯ ಹೇಳಿದಳು. ಇದು ಫೆರೆಟ್, ಹೆಸರು ಗುಂಡ. ಮರಿಯಾಗಿದ್ದಾಗಿನಿಂದ ಕಾಳಿನಂಥ ಒಣ ಪ್ಯಾಕೆಟ್ ತಿಂಡಿ ಬಿಟ್ಟು ಬೇರೇನೂ ತಿಂದಿಲ್ಲ, ಈಗ ಅದು ಮೈಗೆ ಒಗ್ಗುತ್ತಿಲ್ಲ. ಹೊಟ್ಟೆಯಿಂದ ರಕ್ತ ಹೋಗುತ್ತಿದೆ. ಹಸಿ ಮಾಂಸಕ್ಕೆ ಹೊರಳದಿದ್ದರೆ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರ್. ದಿನಾ ಬಾಯಿ ಬಿಡಿಸಿ ತುರುಕುತ್ತಾಳೆ, ದಿನಾ ಅದು ಕಚ್ಚುತ್ತದೆ.

"ಇಂಥದ್ದನ್ನ ಯಾಕೆ ತಂದ್ರಿ?"

"ಅಂಗಡೀಲಿ ಬಂದವರಿಗೆಲ್ಲ ಕಚ್ಚುತ್ತಿತ್ತು, ಯಾರೂ ಕೊಳ್ಳಲಿಲ್ಲ. ನಾನು ಆಫೀಸಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಸುಮಿಮಾಸೆನ್, ಕ್ಷಮಿಸಿ ಕ್ಷಮಿಸಿ ಅಂತಿರ್ತೀನಿ. ಇದನ್ನ ನೋಡಿ ಹೊಟ್ಟೆಕಿಚ್ಚಾಯ್ತು."

ತಟ್ಟೆಗೆ ಬಗ್ಗಿ, ದುಪಟ್ಟಾ ಸರಿಸಿ, ಹುಟ್ಟಿದಾಗಿನಿಂದ ಮಾಂಸ ಮೂಸದ ಆ ಹುಡುಗಿ ಮೂಸಿದಳು. "ಇದು ಅರಿಶಿನದ ವಾಸನೆ. ನೀವು ತೊಳೀತೀರಾ?"

"ಎರಡು ಸಲ," ಎಂದೆ ಹೆಮ್ಮೆಯಿಂದ.

ಅವಳು ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು ಶುರುವಾಗಿತ್ತು. "ಇದಕ್ಕೆ ಬೇಕಾಗಿದ್ದೇ ರಕ್ತ. ನೀವು ಅದನ್ನ ಡ್ರೈನಿಗೆ ಬಿಟ್ಟು, ನನಗೆ ಸಾರಿನ ವಾಸನೆ ಕಟ್ಟಿಕೊಟ್ಟಿದ್ದೀರ."

ಬೆರಳಿಗೆ ಬಟ್ಟೆ ಸುತ್ತಿಕೊಂಡು ಸೈಕಲ್ ಓಡಿಸಿದೆ. ತೊಳೆಯದ ಹೃದಯಗಳನ್ನು, ಹೆಪ್ಪುಗಟ್ಟಿದ ರಕ್ತದ ಸಮೇತ ತಂದೆ. ನಾನು ಕತ್ತರಿಸಲು ಹೋದರೆ ಅವಳೇ ಕತ್ತಿ ಕಿತ್ತುಕೊಂಡಳು. ಒಂದನ್ನು ಸೀಳಿದಳು, ಸಿಂಕಿಗೆ ಓಡಿ ವಾಂತಿ ಮಾಡಿದಳು, ಬಾಯಿ ತೊಳೆದು ಬಂದು ಇನ್ನೊಂದನ್ನು ಸೀಳಿದಳು. ಗುಂಡನ ಕತ್ತಿನ ಹಿಂದಿನ ಚರ್ಮ ಹಿಡಿದೆ. ಅದು ಚೀರಿ ಕಾಲಿನಿಂದ ನನ್ನ ಮಣಿಕಟ್ಟು ಪರಚಿತು. ಅವಳು ರಕ್ತವನ್ನು ಬೆರಳಿನಿಂದ ಅದರ ಒಸಡಿಗೆ ಉಜ್ಜಿದಳು. ಕಚ್ಚಿತು. ಬಿಡಲಿಲ್ಲ, ಮತ್ತೆ ಉಜ್ಜಿದಳು. ಕೊನೆಗೆ ನೆಕ್ಕತೊಡಗಿತು. ಕೈಗಳ ಮೇಲೆ ರಕ್ತ ಕಲಸಿಹೋಗಿ, ಯಾವುದು ಕೋಳಿಯದು ಯಾವುದು ನಮ್ಮದು ಎಂದು ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಗುಂಡ ನೆಕ್ಕುವುದನ್ನು ನಿಲ್ಲಿಸಿ ಹೃದಯವನ್ನು ಹಲ್ಲಿನಲ್ಲಿ ಹಿಡಿದು, ಕತ್ತು ಮುರಿಯುವವನ ಹಾಗೆ ಎಡಕ್ಕೂ ಬಲಕ್ಕೂ ಒದರಿತು. ಗೋಡೆಗೆಲ್ಲ ರಕ್ತ ಚಿಮ್ಮಿತು. ಗುರುಗುಟ್ಟುತ್ತ ಮೂಲೆಗೆ ಎಳೆದೊಯ್ದು ಹರಿದು ತಿಂದಿತು. ಹಂಸಾ ನನ್ನ ಭುಜಕ್ಕೆ ಹಣೆ ಒತ್ತಿ ಅತ್ತಳು. ನಾನು ಅಲ್ಲಾಡದೆ ನಿಂತೆ.

"ನಿಮ್ಮ ಯಜಮಾನರು..." ಎಂದೆ ಕೊನೆಗೆ.

"ಯಾವ ಯಜಮಾನರು?"

ನನ್ನ ಲೆಕ್ಕಾಚಾರವನ್ನೆಲ್ಲ ಹೇಳಿದೆ. ಅವಳು ತಲೆಯೆತ್ತಿ ಮಗುಚಿ ಬಿದ್ದಿದ್ದ ಸೋಫಾ ನೋಡಿದಳು, ನನ್ನ ಶೂ ನೋಡಿದಳು. "ಅವನನ್ನ ಹೊಡೆಯೋಕೆ ಬಂದ್ರಾ?"

"ಕೈ ಮುರಿಯೋಕೆ."

"ಬರೀ ಕೈಯಾ?" ಎಂದಳು, ಕಣ್ಣಂಚಿನಲ್ಲಿ ನಗುತ್ತ.

ಆಗಲೇ ಬೆಲ್ಲಾಯಿತು. ನನ್ನ ಕೂಗಿಗೆ ಕೆಳಗಿನ ಮನೆಯ ಅಜ್ಜಿ ಕಟ್ಟಡದ ಮ್ಯಾನೇಜರನ್ನು ಕರೆತಂದಿದ್ದರು. ತೆರೆದ ಬಾಗಿಲಲ್ಲಿ ನಿಂತ ಅವರಿಗೆ ಗೋಡೆಯ ರಕ್ತವೂ ಕಂಡಿತು, ಗುಂಡನೂ ಕಂಡಿತು. ಹಂಸಾ ಈ ಸಲ ಸುಮಿಮಾಸೆನ್ ಎನ್ನಲಿಲ್ಲ. ತಿಂಗಳ ಕೊನೆಗೆ ಖಾಲಿ ಮಾಡುತ್ತೇನೆ ಎಂದಳು, ನೆಟ್ಟಗೆ ನಿಂತು.

ಅವರು ಹೋದ ಮೇಲೆ ನಾನು ಹೇಳಿದೆ. "ಅಂಗಡಿ ಮೇಲೆ ರೂಮಿದೆ. ಪ್ರಾಣಿ ಸಾಕಬಹುದು. ನಾನು ಕೆಳಗಿರ್ತೀನಿ. ಮಚ್ಚಿನ ಸದ್ದು ಬೆಳಗ್ಗೆಯಿಂದ ಇರುತ್ತೆ, ಅದೊಂದು ಸಹಿಸ್ಕೋಬೇಕು. ಹಂಸಾ, ನನ್ನನ್ನೂ."

ಅವಳು ನನ್ನ ಹೆಬ್ಬೆರಳಿನ ಬಟ್ಟೆ ಬಿಚ್ಚಿ ಹೊಸದು ಸುತ್ತಿದಳು, ಬೇಕೆಂದೇ ಸ್ವಲ್ಪ ಬಿಗಿಯಾಗಿ. "ತೊಳೀದೆ ಕೊಡ್ತೀರಾ?"

"ಇನ್ಮೇಲೆ ತೊಳೆಯಲ್ಲ."

"ಹಾಗಾದ್ರೆ ಬರ್ತೀನಿ."

ಹಂಸಾ ಮನೆಯ ಡಿಪಾಸಿಟ್ ಕಳೆದುಕೊಂಡಳು. ನನ್ನ ಹೆಬ್ಬೆರಳಿನ ಉಗುರು ಹೋಯಿತು, ಮತ್ತೆ ಸರಿಯಾಗಿ ಬರಲಿಲ್ಲ. ಗುಂಡ ಬದುಕಿತು. ಹಂಸಾ ನನ್ನವಳಾದಳು.